ಕೆರೆ ಏರಿಯ ಮೇಲೆ ನಿಂತುಹೋದ ಕಥೆ

1997ನೇ ಇಸವಿ. ಟಿ.ಸಿ.ಎಚ್. ಮುಗಿಸಿ ಎರಡು ವರ್ಷವಾಗಿದ್ದರೂ ನನಗೆ ಸರ್ಕಾರಿ ಕೆಲಸ ಸಿಕ್ಕಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ತುಮಕೂರಿನ ಉಪ್ಪಾರಹಳ್ಳಿಯಲ್ಲಿದ್ದ ಒಂದು ಪುಟ್ಟ ನರ್ಸರಿ ಶಾಲೆಗೆ ಸೇರಿಕೊಂಡೆ. ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯಾರದೋ ಮನೆಯ ಕೆಳಗಿನ ಮೂರು ಕೋಣೆಗಳೇ ಶಾಲೆ. ಮೂವತ್ತು ಮಕ್ಕಳು, ಇಬ್ಬರು ಟೀಚರ್‌ಗಳು, ಒಬ್ಬ ಹೆಡ್ ಮಿಸ್, ಮಕ್ಕಳನ್ನು ನೋಡಿಕೊಳ್ಳಲು ಹನುಮಕ್ಕ ಎಂಬ ಆಯಾ.

ಶಾಲೆ ಶುರುವಾಗಿ ತಿಂಗಳಾಗಿತ್ತು. ಒಂದು ದಿನ ಹೆಡ್ ಮಿಸ್ ನನ್ನನ್ನು ಕರೆದು, "ಶನಿವಾರ ಕೊನೇ ಪೀರಿಯಡ್ಡಲ್ಲಿ ಮಕ್ಕಳು ಬರೀ ಗಲಾಟೆ ಮಾಡ್ತವೆ. ಕಥೆ ಓದಿ ಹೇಳೋ ಕ್ಲಾಸ್ ಮಾಡೋಣ. ನೀವೇ ಪ್ಲಾನ್ ಮಾಡಿ" ಎಂದರು. ನನಗೆ ಖುಷಿಯಾಯಿತು. ಟ್ರೇನಿಂಗಿನಲ್ಲಿ ಪಾಠ ಯೋಜನೆ ಬರೆದು ಅಭ್ಯಾಸವಿತ್ತಲ್ಲ, ಎರಡು ಪುಟ ಬರೆದೆ. ಆ ಶನಿವಾರ ಮಕ್ಕಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ನಾನು ಬೋರ್ಡಿನ ಮುಂದೆ ನಿಂತು, ಪುಸ್ತಕವನ್ನು ಮುಖಕ್ಕೆ ಹಿಡಿದು ಓದತೊಡಗಿದೆ. ಐದು ನಿಮಿಷವೂ ಆಗಿರಲಿಲ್ಲ, ಒಬ್ಬ ನೀರು ಕುಡಿಯಬೇಕೆಂದು ಎದ್ದ. ಒಬ್ಬಳು ಪಕ್ಕದವಳ ಜಡೆ ಎಳೆದಳು. ಕಥೆಯಲ್ಲಿ ಮೊಲ ಗುಹೆಯ ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಮುಂದೆ ಆರು ಮಕ್ಕಳು ಉಳಿದಿದ್ದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹನುಮಕ್ಕ ನಕ್ಕುಬಿಟ್ಟಳು. "ಅಯ್ಯೋ ಮಿಸ್ಸೇ, ನಿಂತ್ಕಂಡು ಯಾರಾನ ಕತೆ ಹೇಳ್ತಾರಾ? ಕುಂತ್ಕಳಿ ನೆಲದ್ ಮ್ಯಾಲೆ. ಮಕ್ಳು ಬಂದು ಮೈಮ್ಯಾಲೆ ಬೀಳ್ಬೇಕು, ಅಂಗೆ ಕುಂತ್ಕಳಿ."

ನಾನು ಬರೆದಿದ್ದ ಯೋಜನೆಯನ್ನು ಹರಿದು ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಬೆಂಚು ತೆಗೆಸಿ ಜಮಖಾನೆ ಹಾಸಿದೆ. ಕಥೆಗೆ ಮುಂಚೆ ಎಲ್ಲರಿಗೂ ನೀರು ಕುಡಿಸಿ, ಒಂದಕ್ಕೆ ಕಳಿಸಿ, ಕುಳ್ಳ ಮಕ್ಕಳನ್ನು ಮುಂದೆ ಕೂರಿಸಿಕೊಂಡೆ. ಚಿತ್ರ ಅವರ ಕಡೆಗಿರುವಂತೆ ಪುಸ್ತಕ ತಿರುಗಿಸಿ ಹಿಡಿದು, ನಾನು ಅಕ್ಷರವನ್ನು ತಲೆಕೆಳಗಾಗಿ ಓದುವುದನ್ನು ಬಸ್ಸಿನಲ್ಲಿ ಕಲಿತೆ. ಪಕ್ಕದಲ್ಲಿ ಕೂತವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಎರಡನೇ ಶನಿವಾರ ಮಕ್ಕಳು ಕೂತರು. ಮೂರನೇ ಶನಿವಾರ ಬೆಲ್ ಹೊಡೆದರೂ ಏಳಲಿಲ್ಲ.

ಒಬ್ಬಳು ಮಾತ್ರ ಹತ್ತಿರ ಬರುತ್ತಿರಲಿಲ್ಲ. ಯು.ಕೆ.ಜಿ.ಯ ಚೈತ್ರ. ಐದು ವರ್ಷದ ಹುಡುಗಿ, ಮಾತು ಕಡಿಮೆ. ಕಥೆಯ ಹೊತ್ತಿನಲ್ಲಿ ಕಿಟಕಿಯ ಬಳಿ ಗೋಡೆಗೆ ಒರಗಿ ಕೂರುತ್ತಿದ್ದಳು. ನಾಲ್ಕನೇ ಶನಿವಾರ ನಾನು ಅರ್ಧ ಕಥೆ ಓದಿದ್ದಾಗ ಎದ್ದು ನಿಂತು, "ಇದು ಬೇಡ ಮಿಸ್. ಬೆಲ್ಲಿ ಕಥೆ ಓದಿ" ಎಂದಳು.

"ಯಾವ ಬೆಲ್ಲಿ ಪುಟ್ಟ?"

"ಕುದುರೆ ಮರಿ ಬೆಲ್ಲಿ."

"ಆ ಪುಸ್ತಕ ನನ್ನ ಹತ್ರ ಇಲ್ವಲ್ಲಮ್ಮ."

"ಪುಸ್ತಕದಲ್ಲಿ ಇಲ್ಲ ಮಿಸ್. ಅದು ನಮ್ಮಮ್ಮನ ಬಾಯಲ್ಲಿದೆ."

ಹಾಗಾದರೆ ನೀನೇ ಹೇಳು ಎಂದೆ. ಅವಳು ಕಿಟಕಿ ಬಿಟ್ಟು ಜಮಖಾನೆಯ ನಡುವೆ ಬಂದು ನಿಂತಳು. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಬೆಲ್ಲದ ಬಣ್ಣದ ಒಂದು ಮರಿ ಇತ್ತಂತೆ, ಅದಕ್ಕೇ ಬೆಲ್ಲಿ ಎಂದು ಹೆಸರಂತೆ. ಅದು ಕೆರೆ ನೋಡಲು ಬೇಲಿಯ ಸಂದಿಯಲ್ಲಿ ನುಸುಳಿ ಹೊರಟಿತಂತೆ. ಮಕ್ಕಳ ಮಾತಿನಂತೆ ಹಿಂದುಮುಂದಾಗಿ, ಅರ್ಧ ನುಂಗಿ ಹೇಳಿದಳು. ಮಧ್ಯೆ ಏನೇನೋ ಸೇರಿಸಿದಳು. ನಾನು ಅಷ್ಟು ಗಮನ ಕೊಟ್ಟು ಕೇಳಲಿಲ್ಲ. ಆ ಗಲಾಟೆಯಲ್ಲಿ ಒಬ್ಬನ ಮೂಗು ಒರೆಸುತ್ತಿದ್ದೆ. ದಾರಿಯಲ್ಲಿ ಬಟ್ಟೆಗಂಟು ಹೊತ್ತ ಒಂದು ಕತ್ತೆ ಸಿಕ್ಕಿತು ಎಂಬಲ್ಲಿಗೆ ಚೈತ್ರ ನಿಲ್ಲಿಸಿದಳು.

"ಆಮೇಲೆ?" ಎಂದು ಮಕ್ಕಳೆಲ್ಲ ಕೂಗಿದರು.

"ಆಮೇಲೆ ಅಮ್ಮ ಆಸ್ಪತ್ರೆಗೆ ಹೋದ್ಲು" ಎಂದಳು.

ಅವತ್ತು ಮಗಳನ್ನು ಕರೆದುಕೊಂಡು ಹೋಗಲು ಬಂದ ಅವಳ ಅಪ್ಪ ನಾಗರಾಜು ಅವರನ್ನು ನಿಲ್ಲಿಸಿ ಮಾತಾಡಿಸಿದೆ. ಅವರು ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್. ಹೆಂಡತಿ ಸುಜಾತಾಗೆ ಹೃದಯದ ಕಾಯಿಲೆ, ಬೆಂಗಳೂರಿಗೂ ಕರೆದುಕೊಂಡು ಹೋಗಿ ತೋರಿಸಿದ್ದಾಯಿತು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ, ಈಗ ಕುಣಿಗಲ್ಲಿನ ತಾಯಿಯ ಮನೆಯಲ್ಲಿದ್ದಾಳೆ ಎಂದರು. ಟಿ.ವಿ.ಎಸ್. ಗಾಡಿಯ ಹ್ಯಾಂಡಲ್ ನೋಡುತ್ತಾ ಮಾತಾಡಿದರೇ ಹೊರತು ನನ್ನ ಮುಖ ನೋಡಲಿಲ್ಲ.

"ಅದು ಅವ್ಳೇ ಕಟ್ಟಿದ್ ಕಥೆ ಮಿಸ್. ದಿನಾ ಒಂದ್ ಚೂರು ಹೇಳೋಳು. ನಂಗೆ ಹೇಳಕ್ಕೆ ಬರಲ್ಲ. ಏನಾರ ಸೇರ್ಸಿ ಹೇಳಿದ್ರೆ, 'ಅಮ್ಮ ಹಿಂಗೆ ಹೇಳಲ್ಲ' ಅಂತ ಬಾಯಿ ಮುಚ್ಚುಸ್ತಾಳೆ."

"ನಾನು ಹೋಗಿ ಕೇಳಿ ಬರ್ಕೊಂಡು ಬರ್ಲಾ?" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ.

ಅವರು ಮೊದಲ ಸಲ ತಲೆ ಎತ್ತಿದರು. "ಹೋಗ್ತೀರಾ ಮಿಸ್?"

ಮರುದಿನ ಭಾನುವಾರ. ತುಮಕೂರಿನಲ್ಲಿ ಬಸ್ ಬದಲಾಯಿಸಿ ಕುಣಿಗಲ್ಲಿಗೆ ಹೋದೆ. ಅವರು ಹೇಳಿದ ಗುರುತು ಹಿಡಿದು ಮನೆ ಹುಡುಕಿದೆ. ಸುಜಾತಾ ಮಂಚದ ಮೇಲೆ ಮೂರು ದಿಂಬು ಒರಗಿಸಿಕೊಂಡು ಕೂತಿದ್ದಳು. ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವಳಿರಬೇಕು. ಕಾಲುಗಳು ಊದಿಕೊಂಡು ಹೊಳೆಯುತ್ತಿದ್ದವು. ಮುಖವೂ ಊದಿತ್ತು. ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲಬೇಕಿತ್ತು.

"ಚೈತ್ರನ ಮಿಸ್ಸಾ ನೀವು? ಅವ್ಳು ತಲೆ ಬಾಚ್ಕೊಂಡು ಬರ್ತಾಳಾ? ಇವ್ರಿಗೆ ಜಡೆ ಹಾಕಕ್ಕೆ ಬರಲ್ಲ."

"ಬರ್ತಾಳೆ. ಎರಡು ಜುಟ್ಟು ಹಾಕ್ಕೊಂಡು ಬರ್ತಾಳೆ."

"ಒಂದು ಮೇಲೆ, ಒಂದು ಕೆಳಗೆ ಇರ್ತದಾ?"

"ಹೂಂ" ಎಂದೆ. ನಕ್ಕಳು. ಊಟದ ಡಬ್ಬಿ ಖಾಲಿ ಮಾಡುತ್ತಾಳಾ, ಯಾರ ಪಕ್ಕ ಕೂರುತ್ತಾಳೆ, ಪೆನ್ಸಿಲ್ ಕಚ್ಚುತ್ತಾಳಾ ಎಂದು ಒಂದೊಂದಾಗಿ ಕೇಳಿದಳು. ಮಗಳನ್ನು ಇಲ್ಲಿಗೆ ಕರೆದುಕೊಂಡು ಬರಬಹುದಲ್ಲ ಎಂದು ನಾನು ಮೆಲ್ಲಗೆ ಹೇಳಿದಾಗ ತಲೆಯಾಡಿಸಿದಳು.

"ನಾನೇ ಬೇಡ ಅಂದಿದೀನಿ ಮಿಸ್. ಹೋದ್ಸಲ ಬಂದಾಗ ನನ್ನ ಮುಖ ನೋಡಿ ಹೆದ್ರಿ ಅವರಪ್ಪನ ಹಿಂದೆ ಬಚ್ಚಿಟ್ಕೊಂಡ್ಳು. ಇನ್ನೊಂದ್ ಸಲ ಹಂಗಾದ್ರೆ ನಂಗೆ ತಡ್ಕೊಳಕ್ಕಾಗಲ್ಲ."

ಕಥೆಯ ಮಾತು ಬಂದಾಗ ಅವಳ ಮುಖವೇ ಬೇರೆಯಾಯಿತು. "ಎಲ್ಲಿಗೆ ಬಂದಿತ್ತು?" ಎಂದಳು. ಕತ್ತೆ ಸಿಕ್ಕಿದಲ್ಲಿಂದ ಹೇಳಿ ಎಂದೆ. ನೋಟ್ ಬುಕ್ ತೆಗೆದು ಬರೆಯಲು ಕೂತೆ.

"ಕತ್ತೆ ಮಾತು ಮೂಗಲ್ಲಿ ಬರ್ಬೇಕು ಮಿಸ್. 'ಎಲ್ಲಿಗೇ ಹೊರಟೇ ಬೆಲ್ಲೀ...' ಹಿಂಗೆ. ಬೆಲ್ಲಿ ಮಾತು ಮೆಲ್ಲಗೆ. ಅವ್ಳಿಗೆ ಒಳಗೊಳಗೇ ಭಯ, ಆದ್ರೆ ತೋರಿಸ್ಕೊಳಲ್ಲ."

ಅವಳು ಹೇಳುತ್ತಾ ಹೋದಳು. ಕತ್ತೆ ತನ್ನ ಗಂಟಿನ ಭಾರವನ್ನೇ ಒಂದು ಗಂಟೆ ಕೊರೆದು, ಕೊನೆಗೆ ದಾರಿ ಹೇಳುವುದನ್ನೇ ಮರೆತುಬಿಡುತ್ತದೆ. ಮುಂದೆ ಕೆಂಪು ಬಸ್ಸೊಂದು ಪೊಂಯ್ ಎಂದು ಬಂದು, ಟಿಕೆಟ್ ಇಲ್ಲದ ಕುದುರೆಗಳಿಗೆ ದಾರಿ ಹೇಳುವುದಿಲ್ಲ ಎನ್ನುತ್ತದೆ. ಒಂದು ಮುದಿ ಎಮ್ಮೆ ಮಾತ್ರ, "ನನ್ನ ಬಾಲ ನೋಡ್ಕೊಂಡು ಬಾ" ಎಂದು ಹೇಳಿ ಕೆರೆ ಏರಿಯವರೆಗೂ ಕರೆದುಕೊಂಡು ಹೋಗುತ್ತದೆ. ಸುಜಾತಾ ಬಸ್ಸಿನ ಹಾರನ್ ಹಾಕಲು ಹೋಗಿ ಕೆಮ್ಮಿದಳು. ಒಳಗಿನಿಂದ ಅವಳ ತಾಯಿ, "ಸಾಕು ಸುಮ್ಕಿರವ್ವ, ಉಸ್ರು ಕಟ್ತದೆ" ಎಂದು ಕೂಗಿದರು. "ಇನ್ನೊಂದ್ ಚೂರು ಕಣಮ್ಮ" ಎಂದಳು ಇವಳು, ಆಟ ಬಿಟ್ಟು ಬರಲು ಒಲ್ಲದ ಹುಡುಗಿಯಂತೆ.

"ಬೆಲ್ಲಿ ಏರಿ ಹತ್ತಿ ನೋಡ್ತು ಮಿಸ್. ಬರೀ ನೀರು. ಆ ಕಡೆ ದಡನೇ ಕಾಣಲ್ಲ. ಬಗ್ಗಿ ನೋಡಿದ್ರೆ, ನೀರೊಳಗೆ ಇನ್ನೊಂದು ಕುದುರೆ ಮರಿ! ಅದೂ ಬೆಲ್ಲದ್ ಬಣ್ಣದ್ದೇ. ಆ ಮರಿ ಮುಖ ಎತ್ತಿ, 'ಬೆಲ್ಲಿ, ನಿನ್ನ ಒಂದ್ ಮಾತು ಕೇಳ್ಲಾ?' ಅಂತು..."

ಅಲ್ಲಿ ಅವಳಿಗೆ ಜೋರಾಗಿ ಕೆಮ್ಮು ಬಂತು. ತಾಯಿ ಓಡಿ ಬಂದು ಬೆನ್ನು ನೀವಿದರು. ಸ್ವಲ್ಪ ಹೊತ್ತಿನ ಮೇಲೆ ನಾನು ತಡೆಯಲಾರದೆ, "ಏನು ಕೇಳ್ತು?" ಎಂದೆ.

"ನೋಡಮ್ಮ, ಇವ್ರೂ ಚೈತ್ರನ ಥರನೇ" ಎಂದು ತಾಯಿಗೆ ಹೇಳಿ ನಕ್ಕಳು. "ಮುಂದಿನ ಭಾನುವಾರ ಬನ್ನಿ ಮಿಸ್. ಈಗ ಹೇಳಿದ್ರೆ ಅವಸರ ಆಗ್ತದೆ. ಅದೇ ಚೆನ್ನಾಗಿರೋ ಜಾಗ."

ಆ ಶನಿವಾರದ ಕಥೆಯ ಹೊತ್ತನ್ನು ನನ್ನ ಜೀವಮಾನದಲ್ಲಿ ಮರೆಯುವುದಿಲ್ಲ. ಕತ್ತೆಯಿಂದ ಎಮ್ಮೆಯವರೆಗೆ ಓದಿದೆ. ಸುಜಾತಾ ಹೇಳಿಕೊಟ್ಟಂತೆ ಕತ್ತೆಯ ಮಾತನ್ನು ಮೂಗಿನಲ್ಲಿ ಆಡಿದ ಕೂಡಲೇ ಚೈತ್ರ ಕಿಟಕಿಯಿಂದ ಎದ್ದು ಬಂದಳು. ಮುಂದಿನ ಸಾಲಿನ ಮಕ್ಕಳನ್ನು ದಾಟಿ ಬಂದು ನನ್ನ ಮಂಡಿಗೆ ಮಂಡಿ ತಾಗಿಸಿ ಕೂತು, ನನ್ನ ಬಾಯನ್ನೇ ನೋಡತೊಡಗಿದಳು. ಬಸ್ಸು ಬಂದಾಗ ಗಟ್ಟಿಯಾಗಿ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಕೆರೆ ಹತ್ರ ಏನಾಯ್ತು ಅನ್ನೋದು ಮುಂದಿನ ವಾರ" ಎಂದು ನೋಟ್ ಬುಕ್ ಮುಚ್ಚಿದೆ.

ಮಕ್ಕಳ ನಗು ಕೇಳಿ ಹೆಡ್ ಮಿಸ್ ಬಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಎಷ್ಟು ಹಿಡಿಸಿತೆಂದರೆ, ಮುಂದಿನ ಶನಿವಾರ ತಂದೆತಾಯಿಗಳನ್ನೂ ಕಮಿಟಿಯವರನ್ನೂ ಕರೆಯುತ್ತೇನೆ, ಚೆನ್ನಾಗಿ ಮಾಡಬೇಕು ಎಂದರು. ನಾನು ಉಬ್ಬಿಹೋದೆ. ರಟ್ಟಿನಲ್ಲಿ ಬೆಲ್ಲಿ, ಕತ್ತೆ, ಬಸ್ಸು, ಎಮ್ಮೆ ಎಲ್ಲ ಮಾಡಿ ಬಣ್ಣ ಹಚ್ಚಿ, ಕಥೆ ಓದುವಾಗ ಒಂದೊಂದನ್ನೇ ತೋರಿಸಬೇಕು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಕುಣಿಗಲ್ಲಿಗೆ ಹೋಗಲೆಂದು ಸೀರೆಯನ್ನೂ ತೆಗೆದಿಟ್ಟಿದ್ದೆ. ಆದರೆ ರಟ್ಟು ಕತ್ತರಿಸುವುದು ಅರ್ಧವೂ ಆಗಿರಲಿಲ್ಲ. ಹೋಗಿ ಬಂದರೆ ಇಡೀ ದಿನ ಹೋಗುತ್ತದೆ. ಈ ಶನಿವಾರ ಬೆಲ್ಲಿ ಏರಿ ಹತ್ತಿ ನೀರು ನೋಡುವವರೆಗೆ ಓದಿ ನಿಲ್ಲಿಸಿದರಾಯಿತು, ಉಳಿದದ್ದು ಕೇಳಲು ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಒಂದು ವಾರ ತಾನೇ. ಸಂಜೆಯವರೆಗೂ ಜಗಲಿಯಲ್ಲಿ ಕೂತು ಬಣ್ಣ ಹಚ್ಚಿದೆ.

ಸೋಮವಾರ ಚೈತ್ರನನ್ನು ಬಿಡಲು ಬಂದ ನಾಗರಾಜು, "ನಿನ್ನೆ ಹೋಗ್ಲಿಲ್ವಾ ಮಿಸ್?" ಎಂದರು.

"ಇಲ್ಲ, ಸ್ವಲ್ಪ ಕೆಲಸ ಇತ್ತು. ಈ ಭಾನುವಾರ ಹೋಗ್ತೀನಿ."

"ಆಗ್ಲಿ ಬಿಡಿ. ಅವ್ಳು ಕಾಯ್ತಿದ್ಲಂತೆ. ಮಿಸ್ ಬರ್ತಾರೆ ಅಂತ ಬೆಳಿಗ್ಗೆನೇ ತಲೆ ಬಾಚಿಸ್ಕೊಂಡು, ಹೂ ಮುಡಿಸ್ಕೊಂಡು ಕೂತಿದ್ಲಂತೆ. ಅತ್ತೆ ಹೇಳಿದ್ರು."

ಅವರ ಮಾತಿನಲ್ಲಿ ದೂರು ಇರಲಿಲ್ಲ. ಹೆಂಡತಿ ಎದ್ದು ಕೂತಿದ್ದಳೆಂಬ ಸಂತೋಷವಿತ್ತು. ಬುಧವಾರ ಮಧ್ಯಾಹ್ನ ಪಕ್ಕದ ಎಸ್.ಟಿ.ಡಿ. ಅಂಗಡಿಗೆ ಫೋನ್ ಬಂತು. ಹನುಮಕ್ಕ ಓಡಿ ಬಂದು ನನ್ನ ಕಿವಿಯಲ್ಲಿ ಹೇಳಿದಳು. ಸುಜಾತಾ ಹೋಗಿಬಿಟ್ಟಿದ್ದಳು. ಚೈತ್ರ ಆಗ ನನ್ನ ಎದುರಿಗೇ ಕೂತು ಸ್ಲೇಟಿನ ಮೇಲೆ 'ಈ' ತಿದ್ದುತ್ತಿದ್ದಳು. ಅವಳ ಚಿಕ್ಕಪ್ಪ ಬಂದು ಏನೂ ಹೇಳದೆ ಎತ್ತಿಕೊಂಡು ಹೋದರು.

ಶನಿವಾರ ಕಮಿಟಿಯವರು ಬಂದರು. ನಾನು ಬೇರೆ ಯಾವುದೋ ಕಥೆ ಓದಿದೆ. ರಟ್ಟಿನ ಬೊಂಬೆಗಳನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಚೈತ್ರ ಮತ್ತೆ ಶಾಲೆಗೆ ಬಂದಳು. ಮೊದಲಿನಂತೆಯೇ ಇದ್ದಳು. ಅಮ್ಮ ದೇವರ ಹತ್ತಿರ ಹೋಗಿದ್ದಾಳೆ ಎಂದು ಮನೆಯಲ್ಲಿ ಹೇಳಿದ್ದರಂತೆ. ಅವಳು ಅತ್ತಿರಲೇ ಇಲ್ಲವಂತೆ. ಬಂದ ದಿನವೇ ನನ್ನ ಸೆರಗು ಎಳೆದು, "ಮಿಸ್, ಬೆಲ್ಲಿ ಕೆರೆ ನೋಡಿದ್ಲಾ?" ಎಂದು ಕೇಳಿದಳು. "ಶನಿವಾರ ಓದ್ತೀನಿ" ಎಂದೆ.

ಆ ವಾರವೆಲ್ಲ ನಾನು ಕಥೆಯ ಕೊನೆ ಕಟ್ಟಿದೆ. ನೀರೊಳಗಿನ ಮರಿ, "ನನ್ನ ಜೊತೆ ಆಟಕ್ಕೆ ಬರ್ತೀಯಾ?" ಎಂದು ಕೇಳುತ್ತದೆ. ಇಬ್ಬರೂ ಆಡುತ್ತಾರೆ. ಸಂಜೆಯಾದಾಗ ಬೆಲ್ಲಿಯ ಅಮ್ಮ ಹುಡುಕಿಕೊಂಡು ಕೆರೆಯ ಹತ್ತಿರ ಬಂದು, ಮುದ್ದಾಡಿ, ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅಮ್ಮನಿಲ್ಲದ ಮಗುವಿಗೆ ಇದು ಸಮಾಧಾನ ಕೊಡುತ್ತದೆ ಎಂದು ನಿಜವಾಗಿಯೂ ನಂಬಿದ್ದೆ. ಹಾಗೆಯೇ ಓದಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಚೈತ್ರ ತಟ್ಟಲಿಲ್ಲ.

"ಇದು ಅಮ್ಮ ಹೇಳಿದ್ದಲ್ಲ."

"ಅಮ್ಮನೇ ಹೇಳಿದ್ದು ಪುಟ್ಟ. ನೋಡು, ಬರ್ಕೊಂಡಿದೀನಿ." ಐದು ವರ್ಷದ ಮಗುವಿನ ಎದುರು ನೋಟ್ ಬುಕ್ ತೋರಿಸಿ ಸುಳ್ಳು ಹೇಳಿದೆ.

"ಇಲ್ಲ. ಬೆಲ್ಲಿ ಅಮ್ಮಂಗೆ ಕಾಲು ನೋವು. ನಡೆಯಕ್ಕಾಗಲ್ಲ. ಅದಕ್ಕೇ ಬೆಲ್ಲಿ ಒಬ್ಳೇ ಹೋಗಿದ್ದು. ಕೆರೆ ಹೆಂಗಿದೆ ಅಂತ ನೋಡ್ಕೊಂಡು ಬಂದು ಅಮ್ಮಂಗೆ ಹೇಳ್ಬೇಕು. ನಾನು ಅವತ್ತೇ ಹೇಳಿದ್ದೆ, ನೀವು ಕೇಳ್ಲಿಲ್ಲ."

ಸುಜಾತಾಳ ಊದಿಕೊಂಡಿದ್ದ ಕಾಲುಗಳು ಕಣ್ಣ ಮುಂದೆ ಬಂದವು. ಅವತ್ತು ಚೈತ್ರ ಮಧ್ಯೆ ಸೇರಿಸಿದ್ದು ಇದನ್ನೇ. ಇನ್ನು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಪುಟ್ಟ, ಅಮ್ಮ ನೀರೊಳಗಿನ ಮರಿ ಮಾತಾಡೋವರೆಗೆ ಮಾತ್ರ ಹೇಳಿದ್ರು. ಉಳಿದದ್ದು ಕೇಳಕ್ಕೆ ನಾನು ಹೋಗ್ಬೇಕಿತ್ತು. ಹೋಗ್ಲಿಲ್ಲ."

"ಈಗ ಹೋಗಿ."

"ಈಗ ಆಗಲ್ಲ."

"ಯಾಕೆ?"

"ಅಮ್ಮ ಇಲ್ಲ ಪುಟ್ಟ. ಇನ್ನು ಹೇಳಕ್ಕೆ ಅಮ್ಮ ಇಲ್ಲ."

ಅವಳ ಮುಖ ಮುದುಡಿತು. ಅವಳು ಅತ್ತ ರೀತಿಯನ್ನು ಬರೆಯಲು ನನ್ನಿಂದಾಗದು. ಉಳಿದ ಮಕ್ಕಳು ಹೆದರಿ ಒಬ್ಬರಿಗೊಬ್ಬರು ಅಂಟಿಕೊಂಡರು. ಹನುಮಕ್ಕ ಓಡಿ ಬಂದು ಎತ್ತಿಕೊಂಡು, "ಅಳ್ಲಿ ಬುಡಿ ಮಿಸ್, ಅಳ್ಲಿ" ಎನ್ನುತ್ತಾ ಅಂಗಳದಲ್ಲಿ ಅಡ್ಡಾಡಿದಳು. ಅವಳ ಕಣ್ಣಲ್ಲೂ ನೀರಿತ್ತು.

ನಾಗರಾಜು ಬಂದಾಗ ಎಲ್ಲವನ್ನೂ ಹೇಳಿದೆ. ಭಾನುವಾರ ಯಾಕೆ ಹೋಗಲಿಲ್ಲ ಎಂಬುದನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. "ಅತ್ತಳಾ?" ಎಂದಷ್ಟೇ ಕೇಳಿದರು. ಅಳುತ್ತಲೇ ನಿದ್ದೆ ಹೋಗಿದ್ದ ಮಗಳನ್ನು ಹನುಮಕ್ಕನಿಂದ ಎತ್ತಿಕೊಂಡು, ಗಾಡಿ ಅಲ್ಲೇ ಬಿಟ್ಟು ನಡೆದೇ ಹೋದರು.

ದಸರಾ ರಜೆಯಲ್ಲಿ ಅವರಿಗೆ ತುರುವೇಕೆರೆ ಕಡೆಗೆ ವರ್ಗವಾಯಿತು. ಟಿ.ಸಿ. ತೆಗೆದುಕೊಂಡು ಹೋದರಂತೆ. ಆ ದಿನ ನಾನು ರಜೆಯಲ್ಲಿದ್ದೆ.

ಒಂಬತ್ತು ವರ್ಷಗಳಾದ ಮೇಲೆ, 2006ರಲ್ಲಿ, ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಮಿಸ್" ಎಂದು ಕರೆದರು. ತಿರುಗಿದರೆ ನಾಗರಾಜು. ತಲೆ ಪೂರ್ತಿ ನರೆತಿತ್ತು. ನನಗೆ ಅಷ್ಟರಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಅಲ್ಲೇ ಹತ್ತಿರದ ಹಳ್ಳಿಯ ಶಾಲೆಗೆ ಹೋಗುತ್ತಿದ್ದೆ. ಚೈತ್ರ ಒಂಬತ್ತನೇ ಕ್ಲಾಸು, ಚೆನ್ನಾಗಿ ಓದುತ್ತಾಳೆ ಎಂದರು. ನಾನು ಬೆಲ್ಲಿಯ ಕಥೆ ಅವಳಿಗೆ ನೆನಪಿದೆಯಾ ಎಂದು ಕೇಳಿದೆ.

"ಇಲ್ಲ ಮಿಸ್. ಏನೂ ಜ್ಞಾಪಕ ಇಲ್ಲ. ಮುಖ ಫೋಟೋದಲ್ಲಿ ನೋಡ್ತಾಳೆ. ಒಂದೊಂದ್ಸಲ, 'ಅಪ್ಪ, ಅಮ್ಮನ ಧ್ವನಿ ಹೆಂಗಿತ್ತು?' ಅಂತ ಕೇಳ್ತಾಳೆ. ಧ್ವನಿನ ಹೆಂಗೆ ಹೇಳೋದು ಮಿಸ್?"

ಅವರ ಬಸ್ಸು ಬಂತು. "ಒಂದರ್ಧ ಗಂಟೆ ಇರ್ತೀರಾ? ಬರ್ಕೊಡ್ತೀನಿ" ಎಂದೆ. ಅವರು ಬಸ್ಸನ್ನು ಬಿಟ್ಟರು. ಕಲ್ಲು ಬೆಂಚಿನ ಮೇಲೆ ಕೂತು, ಬ್ಯಾಗಿನಲ್ಲಿದ್ದ ಕಾಪಿ ಪುಸ್ತಕದ ಹಾಳೆಗಳಲ್ಲಿ ಬರೆದೆ. ಒಂದು ಮಾತೂ ಮರೆತಿರಲಿಲ್ಲ. ಪಕ್ಕದಲ್ಲಿ ಬರೆದೆ: ಇಲ್ಲಿ ನಿಮ್ಮಮ್ಮ ಮೂಗಿನಲ್ಲಿ ಮಾತಾಡಿದರು. ಇಲ್ಲಿ ಉಸಿರಿಗೆ ನಿಂತರು. ಇಲ್ಲಿ ಹಾರನ್ ಹಾಕಲು ಹೋಗಿ ಕೆಮ್ಮಿದರು. ಇಲ್ಲಿ ನಕ್ಕರು. ಬೆಲ್ಲಿ ತನ್ನ ಅಮ್ಮನಿಗಾಗಿ ಕೆರೆ ನೋಡಲು ಹೋದಳೆಂಬುದನ್ನು, ಇದು ನೀನೇ ನನಗೆ ಹೇಳಿದ್ದು ಎಂದು ಮೊದಲ ಸಾಲಿನಲ್ಲೇ ಬರೆದೆ. ನೀರೊಳಗಿನ ಮರಿಯ ಮಾತಿಗೆ ಬಂದಾಗ, ಮುಂದಿನದನ್ನು ನಾನು ಕೇಳಲು ಹೋಗಲಿಲ್ಲ ಎಂದು ಬರೆದು ನಿಲ್ಲಿಸಿದೆ.

ನಾಗರಾಜು ನಿಂತುಕೊಂಡೇ ಓದಿದರು. ಎರಡನೇ ಹಾಳೆಯಲ್ಲಿ ಒಂದು ಕಡೆ ಬೆರಳಿಟ್ಟು, "ಇಲ್ಲಿ ನಕ್ಕಳಾ?" ಎಂದು ಕೇಳಿದರು. ಹೌದು ಎಂದೆ. ಮತ್ತೆ ಅಲ್ಲಿಂದ ಮುಂದಕ್ಕೆ ಅವರಿಗೆ ಓದಲಾಗಲಿಲ್ಲ. ಹಾಳೆಗಳನ್ನು ನಾಲ್ಕಾಗಿ ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು, ಮುಂದಿನ ಬಸ್ಸಿಗೆ ಹೋದರು.

ಚೈತ್ರ ಅದನ್ನು ಓದಿದಳೋ, ಓದಿ ಏನೆಂದಳೋ ನನಗೆ ತಿಳಿಯಲಿಲ್ಲ. ಈಗಲೂ ನಾನು ಪುಟ್ಟ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಓದುತ್ತೇನೆ. ಮಗು ನಡುವೆ ಬಾಯಿ ಹಾಕಿದರೆ ಪುಸ್ತಕ ಮುಚ್ಚಿ ಅದರ ಮಾತು ಮುಗಿಯುವವರೆಗೂ ಕೇಳುತ್ತೇನೆ. ಯಾರನ್ನಾದರೂ ನೋಡಲು ಹೋಗಬೇಕೆಂದು ಮನಸ್ಸಿಗೆ ಬಂದರೆ ಅವತ್ತೇ ಹೊರಡುತ್ತೇನೆ. ಇಷ್ಟು ಕಲಿತಿದ್ದೇನೆ. ಆದರೆ ಆ ಭಾನುವಾರದ ತಪ್ಪನ್ನು ನಾಗರಾಜು ಆಗಲಿ, ಸುಜಾತಾಳ ತಾಯಿಯಾಗಲಿ, ಒಬ್ಬರೂ ನನ್ನ ಮೇಲೆ ಹೊರಿಸಲಿಲ್ಲ. ಅದಕ್ಕೇ ಇರಬೇಕು, ಅದನ್ನು ಇಳಿಸಿಡಲು ನನಗೆ ಇವತ್ತಿಗೂ ಜಾಗ ಸಿಕ್ಕಿಲ್ಲ.